ಎರಡು ಬಾವುಟ, ಒಂದು ಕೋರೆ

ರೋವಿರಾ ಹುಟ್ಟಿದ ಇಸವಿ ಯಾರಿಗೂ ಗೊತ್ತಿಲ್ಲ. ಬರೆದಿಡುವುದಕ್ಕೆ ಒಂದಲ್ಲ, ಎರಡು ಸರ್ಕಾರಗಳಿದ್ದವು. ಫ್ರೆಂಚರು ಬರೆದುಕೊಂಡಿರುತ್ತಾರೆ ಎಂದು ಇಂಗ್ಲಿಷರು ಸುಮ್ಮನಾದರು, ಇಂಗ್ಲಿಷರು ಬರೆದುಕೊಂಡಿರುತ್ತಾರೆ ಎಂದು ಫ್ರೆಂಚರು ಸುಮ್ಮನಾದರು. ಅವಳಿಗೆ ಗೊತ್ತಿದ್ದದ್ದು ಇಷ್ಟೇ: ಅವಳು ಹುಟ್ಟಿದಾಗ ಅವಳ ತಾಯಿ ಸಾಕುತ್ತಿದ್ದ ಹಂದಿಯ ಕೋರೆ ಆಗತಾನೆ ತುಟಿ ದಾಟಿ ಮೇಲಕ್ಕೆ ಬಾಗಿತ್ತು. ನಮ್ಮ ಅಂಬೆ ದ್ವೀಪದ ಹೆಂಗಸರಿಗೆ ಅಷ್ಟು ಲೆಕ್ಕ ಸಾಕು.

ಆಗ ನಮ್ಮ ದ್ವೀಪಗಳಿಗೆಲ್ಲ ನ್ಯೂ ಹೆಬ್ರಿಡೀಸ್ ಎಂದು ಹೆಸರು. ಆ ಹೆಸರಿಟ್ಟವರು ಇಲ್ಲಿ ಹುಟ್ಟಿದವರಲ್ಲ. ಇಂಗ್ಲೆಂಡೂ ಫ್ರಾನ್ಸೂ ಸೇರಿಕೊಂಡು ಆಳುತ್ತಿದ್ದವು. ಸೇರಿಕೊಂಡು ಎನ್ನುವುದು ಬರೀ ಮಾತಿಗೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗಿತ್ತು ಆ ಸಂಸಾರ. ಪೊಲೀಸರು ಎರಡು ಬಗೆ, ಶಾಲೆ ಎರಡು ಬಗೆ, ಆಸ್ಪತ್ರೆ ಎರಡು ಬಗೆ, ಜೈಲು ಕೂಡ ಎರಡು. ಫ್ರೆಂಚ್ ಜೈಲಿನಲ್ಲಿ ಊಟ ವಾಸಿ ಎಂದು ಹೋಗಿಬಂದವರು ಹೇಳುತ್ತಿದ್ದರು. ಇಲ್ಲಿ ನೆಲೆಸಿದ ಬಿಳಿಯರಿಗೆ ಅವರವರ ದೇಶದ ಕಾನೂನು ಇತ್ತು. ನಾವು ಮಾತ್ರ ಆ ಎರಡರಲ್ಲಿ ಯಾವ ದೇಶದ ಪ್ರಜೆಗಳೂ ಅಲ್ಲ. ಹುಟ್ಟಿದ ನೆಲದಲ್ಲೇ ನಾವು ಯಾರೂ ಅಲ್ಲದವರು. ಇದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಆದರೆ ಯಾರಾದರೂ ಒಬ್ಬರಾಗುವುದಕ್ಕೆ ನಮ್ಮಲ್ಲಿ ನಮ್ಮದೇ ದಾರಿ ಇತ್ತು. ಹುಟ್ಟಿದಾಗ ಇಟ್ಟ ಹೆಸರು ಕೂಗುವುದಕ್ಕಷ್ಟೆ. ನಿಜವಾದ ಹೆಸರನ್ನು ಸಂಪಾದಿಸಬೇಕು, ಅದೂ ಹಂದಿಯಿಂದ. ಗಂಡುಮರಿಯ ಮೇಲಿನ ಎರಡು ಕೋರೆಗಳನ್ನು ಎಳೆತನದಲ್ಲೇ ಕಿತ್ತುಬಿಡುತ್ತಾರೆ. ಆಗ ಕೆಳಗಿನ ಕೋರೆ ತಡೆಯಿಲ್ಲದೆ ಬೆಳೆದು, ಬಾಗಿ, ಎಂಟು ಹತ್ತು ವರ್ಷಕ್ಕೆ ಸುತ್ತು ಹಾಕಿ ಬಂದು ಬಳೆಯ ಹಾಗೆ ಕೂಡಿಕೊಳ್ಳುತ್ತದೆ. ಅಂಥ ಹಂದಿಯನ್ನು ಊರ ಬಯಲಿನಲ್ಲಿ ಎಲ್ಲರ ಮುಂದೆ ಬಲಿ ಕೊಟ್ಟವರಿಗೆ ಪಟ್ಟ. ಗಂಡಸರಿಗೆ ಗಂಡಸರ ಪಟ್ಟ, ಹೆಂಗಸರಿಗೆ ಹೆಂಗಸರದು. ಹೆಂಗಸಿಗೆ ಮೊತಾರಿ ಎಂಬ ಹೆಸರು ಬಂದರೆ ಆಮೇಲೆ ಅವಳು ನಡೆದು ಬರುವಾಗ ಗಂಡಸರೂ ದಾರಿ ಬಿಡಬೇಕು.

ರೋವಿರಾಳ ತಾಯಿ ಆ ಹೆಸರಿನ ಹತ್ತಿರ ಹೋಗಿ ಅದನ್ನು ಕಳೆದುಕೊಂಡವಳು. ಏಳನೆಯ ವರ್ಷ ಅವಳ ಹಂದಿ ಹಗ್ಗ ಕಡಿದುಕೊಂಡು ಓಡಿತು. ಕಡಲದಂಡೆಯ ಕಪ್ಪು ಬಂಡೆಗೆ ಮೂತಿ ಬಡಿದು ಕೋರೆ ಮುರಿಯಿತು. ಮುರಿದ ತುಂಡನ್ನು ಮಡಿಲಲ್ಲಿಟ್ಟುಕೊಂಡು ತಾಯಿ ಮೂರು ದಿನ ಊಟ ಬಿಟ್ಟು ಕೂತಿದ್ದನ್ನು ಎಳೆಯ ರೋವಿರಾ ನೋಡಿದ್ದಳು. ಇನ್ನೊಂದು ಮರಿ ಸಾಕುವಷ್ಟು ಆಯುಸ್ಸು ತಾಯಿಗೆ ಸಿಗಲಿಲ್ಲ. ಮಣ್ಣು ಮಾಡುವಾಗ ತಾಯಿಯ ಅಣ್ಣ ಮೋಲಿ ಹುರಿ ಯಾವ ಹೆಸರು ಕೂಗಬೇಕೆಂದು ತಿಳಿಯದೆ ಬಾಯಿ ತೆರೆದು ಹಾಗೇ ಮುಚ್ಚಿದ. ಆ ಮುಚ್ಚಿದ ಬಾಯಿಯನ್ನು ಹುಡುಗಿ ಮರೆಯಲಿಲ್ಲ.

ದೊಡ್ಡವಳಾಗಿ ಗಾರಾಯ್ ಎಂಬವನನ್ನು ಮದುವೆಯಾದ ಮೇಲೆ ಅವಳು ಮಾಡಿದ ಮೊದಲ ಕೆಲಸ ಒಂದು ಗಂಡುಮರಿಯನ್ನು ಆರಿಸಿಕೊಂಡದ್ದು. ಅದಕ್ಕೆ ಲಾಬೋ ಎಂದು ಹೆಸರಿಟ್ಟಳು. ಸೋದರಮಾವನೇ ಬಂದು ಅದರ ಮೇಲಿನ ಕೋರೆ ಕಿತ್ತುಕೊಟ್ಟ. ಅಲ್ಲಿಂದ ಒಂಬತ್ತು ವರ್ಷ ಅವಳ ದಿನ ಶುರುವಾಗುತ್ತಿದ್ದದ್ದು ಲಾಬೋವಿನಿಂದ. ಟಾರೋ ಗೆಡ್ಡೆ ಬೇಯಿಸಿ, ತೆಂಗಿನಕಾಯಿ ತುರಿದು ಹಾಕಿ, ಕೈಯಲ್ಲೇ ಕಿವುಚಿ, ಉಂಡೆ ಕಟ್ಟಿ ಬಾಯಿಗಿಡುತ್ತಿದ್ದಳು. ಗೂಡಿನ ನೆಲದಲ್ಲಿ ಒಂದು ಹರಳು ಕಂಡರೂ ಆರಿಸಿ ಎಸೆಯುತ್ತಿದ್ದಳು. ಮಕ್ಕಳಾಗಲಿಲ್ಲ ಎಂದು ಊರಿನವರು ಆಡಿಕೊಂಡರೆ ಅವಳು ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ.

"ಈ ಮನೇಲಿ ಗಂಡ ಯಾರು, ಹಂದಿ ಯಾರು ಅಂತ ಒಂದ್ಸಲ ಹೇಳ್ಬಿಡು ಮಾರಾಯ್ತಿ," ಎನ್ನುತ್ತಿದ್ದ ಗಾರಾಯ್. "ಅದಕ್ಕೆ ಬಿಸಿ ಬಿಸಿ ಉಂಡೆ, ನಂಗೆ ತಂಗಳು."

"ನೀನೂ ಕೋರೆ ಬೆಳೆಸು, ನಿಂಗೂ ಕಟ್ತೀನಿ ಉಂಡೆ," ಎನ್ನುತ್ತಿದ್ದಳು ಅವಳು.

ಒಂಬತ್ತನೆಯ ವರ್ಷ, ೧೯೫೮ರ ಜೂನ್ ತಿಂಗಳಲ್ಲಿ, ಲಾಬೋವಿನ ಕೋರೆ ಸುತ್ತು ಮುಗಿಸಲು ಒಂದು ಬೆರಳಗಲ ಬಾಕಿ ಇತ್ತು. ಆಗ ಬಂತು ಗ್ರಹಚಾರ.

ಗಾಳಿಮಳೆಗೆ ಹಂದಿಗೂಡಿನ ಮಾಡು ಹಾರಿಹೋಗಿತ್ತು. ಗಾರಾಯ್ ಹೊಸ ಮಾಡು ಕಟ್ಟುವವರೆಗೆ ಎರಡು ದಿನ ಲಾಬೋವನ್ನು ಊರಂಚಿನ ಮರದ ಕೆಳಗೆ ಕಟ್ಟಿಹಾಕಿದ್ದರು. ಆಚೆ ಬದಿಯಲ್ಲಿ ರಿಬೂ ಎಂಬ ಫ್ರೆಂಚ್ ಸಾಹುಕಾರನ ಕೋಕೋ ತೋಟ. ಆ ನೆಲ ಅವನ ಕೈಗೆ ಹೇಗೆ ಹೋಯಿತು ಎಂದು ಕೇಳಿದರೆ ನಮ್ಮ ಹಿರಿಯರು ಮಾತು ಬದಲಿಸುತ್ತಿದ್ದರು. ಒಂದು ಬೆಳಿಗ್ಗೆ ರಿಬೂ ನೋಡುತ್ತಾನೆ, ಹೊಸದಾಗಿ ನೆಟ್ಟ ಮೂವತ್ತು ಸಸಿಗಳನ್ನು ಬುಡಸಮೇತ ಯಾವುದೋ ಹಂದಿ ಅಗೆದು ಹಾಕಿದೆ. ಅತ್ತಿತ್ತ ನೋಡಿದರೆ ಹತ್ತಿರದಲ್ಲೇ ಲಾಬೋ, ಕೊಬ್ಬಿದ ಮೈ, ಮುಖದ ಮೇಲೆ ಬಳೆಯಂಥ ಕೋರೆ. ಆಳುಗಳಿಂದ ಬಿದಿರಿಗೆ ಕಟ್ಟಿಸಿ ಹೊರಿಸಿಕೊಂಡು ಹೋಗಿ ತನ್ನ ಅಂಗಡಿಯ ಹಿಂದೆ ಕೂಡಿಹಾಕಿದ.

ರೋವಿರಾ ಏದುಸಿರು ಬಿಡುತ್ತ ಹೋದಾಗ ಅವನು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ. ಇಪ್ಪತ್ತು ವರ್ಷ ಇಲ್ಲಿದ್ದವನು, ನಮ್ಮ ಮಾತು ನೀರು ಕುಡಿದಂತೆ ಆಡುತ್ತಿದ್ದ.

"ಇನ್ನು ಇದು ನಂದು," ಎಂದ. "ಜುಲೈ ಹದಿನಾಲ್ಕು ನಮ್ಮ ದೇಶದ ಹಬ್ಬ. ನಮ್ಮ ದೊರೆ ಹಡಗಲ್ಲಿ ಬರ್ತಾರೆ. ಅವರಿಗೆ ಇದನ್ನೇ ಸುಟ್ಟು ಬಡಿಸ್ತೀನಿ."

"ಕಟ್ಟಿದ ಹಗ್ಗ ಕಟ್ಟಿದ ಹಾಗೇ ಇತ್ತಲ್ಲ ಸಾಹುಕಾರ್ರೇ. ನಿಮ್ಮ ಆಳುಗಳನ್ನೇ ಕೇಳಿ."

"ರಾತ್ರಿ ಬಿಚ್ಚಿ ಮೇಯಿಸಿದೀಯ, ಬೆಳಿಗ್ಗೆ ಕಟ್ಟಿದೀಯ. ನಿಮ್ಮ ಬುದ್ಧಿ ನಂಗೊತ್ತಿಲ್ವಾ?"

ಬೇರೆಯವರಾದರೆ ಅಲ್ಲೇ ಅತ್ತು ಕರೆದು ರಂಪ ಮಾಡುತ್ತಿದ್ದರು. ರೋವಿರಾ ಹಿಂದೆ ಹೋಗಿ ಕೋರೆಯನ್ನೊಮ್ಮೆ ಮುಟ್ಟಿ ನೋಡಿ, ಮುರಿದಿಲ್ಲವೆಂದು ಖಾತ್ರಿ ಮಾಡಿಕೊಂಡು, ನ್ಯಾಯ ಹುಡುಕಲು ಹೊರಟಳು.

ಮೊದಲು ಇಂಗ್ಲಿಷ್ ಮಿಷನ್ನಿನ ಮೇಷ್ಟರ ಹತ್ತಿರ ಹೋದಳು. ಮೇಷ್ಟರು ಮರುಗಿದರು. "ತಂಗೀ, ಅವನು ಫ್ರೆಂಚ್ ಪ್ರಜೆ. ಇಂಗ್ಲಿಷ್ ದೊರೆ ಅವನನ್ನ ಮುಟ್ಟೋ ಹಾಗಿಲ್ಲ. ಫ್ರೆಂಚರ ಹತ್ರ ಹೋಗು," ಎಂದರು. ಅರ್ಧ ದಿನದ ದಾರಿ ನಡೆದು ಫ್ರೆಂಚ್ ಪಾದ್ರಿಯ ಹತ್ತಿರ ಹೋದಳು. ಅವರು ಕುಡಿಯಲು ಎಳನೀರು ಕೊಟ್ಟರು. "ಮಗಳೇ, ನೀನು ಇಂಗ್ಲಿಷ್ ಮಿಷನ್ನಿನವಳು. ನಿನ್ನ ಪರವಾಗಿ ನಾನು ಬರೆದ್ರೆ ನಿಮ್ಮೋರೇ ಬೇಜಾರಾಗ್ತಾರೆ," ಎಂದರು. ಇಬ್ಬರೂ ಒಳ್ಳೆಯವರೇ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವುದು ಸುಮ್ಮನೆ ಹುಟ್ಟಿದ ಗಾದೆಯಲ್ಲ.

ಕೊನೆಗೆ ಸೋದರಮಾವನ ಹತ್ತಿರ ಬಂದಳು. ಮೋಲಿ ಹುರಿ ಊರಿನ ಹಿರಿಯನಷ್ಟೇ ಅಲ್ಲ, ದೊರೆಗಳು ಬಂದು ನ್ಯಾಯಕ್ಕೆ ಕೂತಾಗ ಪಕ್ಕದಲ್ಲಿ ಕೂರುವ ಊರಿನ ಪಂಚನೂ ಹೌದು. ಆತ ಗಂಡಸರು ಸೇರುವ ಮನೆಯಾದ ನಕಮಾಲಿನ ಹೊರಗೆ ಕೂತು, ಸಂಜೆ ಅರೆದು ಕುಡಿಯುವ ಕಾವಾ ಬೇರು ಕೆರೆಯುತ್ತಿದ್ದ.

"ಮಾವ, ಬಿಳಿಯನ ಮೇಲೆ ನಾವು ದೂರು ಕೊಟ್ರೆ ಏನಾಗುತ್ತೆ?"

"ವಿಲಾ ಪಟ್ಟಣಕ್ಕೆ ಹೋಗುತ್ತೆ. ಅಲ್ಲಿ ದೊಡ್ಡ ಕೋರ್ಟು. ಅದು ಮುಗಿಯೋಷ್ಟರಲ್ಲಿ ನಿನ್ನ ಹಂದೀನ ತಿಂದವರೂ ಸತ್ತು ಮಣ್ಣಾಗಿರ್ತಾರೆ."

"ಬಿಳಿಯನೇ ನಮ್ಮ ಮೇಲೆ ಕೊಟ್ರೆ?"

"ಅದಾದ್ರೆ ಇಲ್ಲೇ. ಊರ ನ್ಯಾಯ. ಆದ್ರೆ ಇಬ್ಬರು ದೊರೆಗಳೂ ಕೂತಿರ್ಬೇಕು. ಒಬ್ಬ ಬರ್ಲಿಲ್ಲ ಅಂದ್ರೆ ಕಲಾಪ ಇಲ್ಲ. ತೀರ್ಪು ಆಗೋವರ್ಗೂ ವ್ಯಾಜ್ಯದ ವಸ್ತು ಇದ್ದಲ್ಲೇ ಇರ್ಬೇಕು, ಯಾರೂ..." ಮುದುಕ ಅಲ್ಲಿಗೆ ನಿಲ್ಲಿಸಿ ಸೊಸೆಯ ಮುಖ ನೋಡಿದ.

"ಹಾಗಾದ್ರೆ ಕಳ್ಳಿ ನಾನೇ ಆಗ್ತೀನಿ," ಎಂದಳು ರೋವಿರಾ.

ಮಾರನೆಯ ದಿನವೇ ರಿಬೂ ಜಗಲಿಗೆ ಹೋಗಿ ತಲೆ ತಗ್ಗಿಸಿ ನಿಂತಳು. "ಸಾಹುಕಾರ್ರೇ, ನನ್ನ ಹಂದಿ ತಪ್ಪು ಮಾಡಿದೆ ಅಂತೀರಲ್ಲ, ಹಾಗೇ ಬರೆದು ಕೊಡಿ. ದೊರೆಗಳು ನನ್ನನ್ನ ವಿಚಾರಿಸ್ಲಿ. ಸುಮ್ನೆ ಹೊತ್ಕೊಂಡು ಹೋದ್ರು ಅಂತ ಊರಲ್ಲಿ ನಿಮ್ಮ ಹೆಸರು ಯಾಕೆ ಕೆಡ್ಬೇಕು?" ರಿಬೂಗೆ ಒಳಗೊಳಗೇ ಖುಷಿ. ಹಂದಿಯೂ ಸಿಕ್ಕಿತು, ಇವಳಿಗೆ ದಂಡವೂ ಬಿತ್ತು, ನಾಳೆ ಊರಿನವರು ಬೇಲಿಯ ಹತ್ತಿರ ಸುಳಿಯಲಾರರು. ಕೂತಲ್ಲೇ ಎರಡು ಭಾಷೆಯಲ್ಲಿ ದೂರು ಬರೆದು ರುಜು ಹಾಕಿದ. ಕುರಿ ತಾನಾಗಿ ಕಟುಕನ ಮನೆಗೆ ಬಂತು ಎಂದುಕೊಂಡ. ಯಾರು ಕುರಿ ಎನ್ನುವುದಷ್ಟೇ ಅವನಿಗೆ ಗೊತ್ತಿರಲಿಲ್ಲ.

ಆ ಸಂಜೆ ಮೋಲಿ ಹುರಿ ಬಂದು ಹಂದಿಯನ್ನು ಕೂಡಿಹಾಕಿದ್ದ ಕಡೆ ನಮೆಲೆ ಗಿಡದ ಒಂದು ಗರಿಯನ್ನು ನೆಲಕ್ಕೆ ನೆಟ್ಟುಹೋದ. ನಮ್ಮಲ್ಲಿ ನಮೆಲೆ ಗರಿ ನೆಟ್ಟ ಮೇಲೆ ಮುಗಿಯಿತು, ಅದನ್ನು ದಾಟಿ ಯಾರೂ ಏನನ್ನೂ ಮುಟ್ಟುವುದಿಲ್ಲ. ರಿಬೂ ನಕ್ಕ. ಮರುದಿನ ಅಡಿಗೆಯವನನ್ನು ಕರೆದು ಹಂದಿಗೆ ಮೇವು ಹಾಕು ಎಂದ. ಅಡಿಗೆಯವನು ಗರಿ ನೋಡಿ ಕೈ ಹಿಂದೆ ಕಟ್ಟಿಕೊಂಡ. ತೋಟದ ಆಳುಗಳೂ ಅಷ್ಟೆ. ರಿಬೂ ತಾನೇ ಹಸಿ ಟಾರೋ, ಒಡೆದ ತೆಂಗಿನಕಾಯಿ ತಂದು ಸುರಿದ. ಲಾಬೋ ಮೂಸಿ ನೋಡಿ ಮುಖ ತಿರುಗಿಸಿತು. ಮೂರನೆಯ ದಿನಕ್ಕೆ ಅದರ ಪಕ್ಕೆಲುಬು ಕಾಣತೊಡಗಿದವು.

ಹಬ್ಬದ ಹಂದಿ ಸೊರಗಿದರೆ ಮರ್ಯಾದೆ ಉಳಿಯುತ್ತದೆಯೇ? ರಿಬೂ ರೋವಿರಾಳಿಗೆ ಹೇಳಿಕಳಿಸಿದ. "ನೀನೇ ಬಂದು ತಿನ್ನಿಸು. ಗರಿ ನಿಮ್ಮ ಮಾವಂದೇ ಅಲ್ವಾ, ನಿಂಗೇನೂ ಆಗಲ್ಲ," ಎಂದ.

ಅಂದಿನಿಂದ ದಿನಕ್ಕೆ ಎರಡು ಬಾರಿ ಅವಳು ಎಲೆಪೊಟ್ಟಣ ಹಿಡಿದು ಹೋಗುತ್ತಿದ್ದಳು. ಬೆಂದ ಟಾರೋ, ತುರಿದ ಕಾಯಿ, ಕಿವುಚಿದ ಉಂಡೆ. ರಿಬೂ ಕೆಲವೊಮ್ಮೆ ಪಕ್ಕದಲ್ಲೇ ನಿಂತು ಪೈಪು ಸೇದುತ್ತ ನೋಡುತ್ತಿದ್ದ. ಮೂರು ವಾರ ಕಣ್ಣೆದುರಿಗೇ ನಡೆದದ್ದು ಅವನಿಗೆ ಅರ್ಥವಾಗಲಿಲ್ಲ. ಇಪ್ಪತ್ತು ವರ್ಷದಲ್ಲಿ ನಮ್ಮ ಮಾತು ಕಲಿತವನು ನಮ್ಮ ಹಂದಿಯನ್ನು ಕಲಿತಿರಲಿಲ್ಲ.

ಜುಲೈ ಹನ್ನೆರಡಕ್ಕೆ ಎರಡು ಹಡಗು ಬಂದವು, ಒಂದು ಹಡಗಿನಲ್ಲಿ ಇಬ್ಬರು ದೊರೆಗಳು ಬರುವುದೆಂದರೇನು? ಹದಿಮೂರರ ಬೆಳಿಗ್ಗೆ ಕಪ್ಪು ಮರಳಿನ ದಂಡೆಯ ಮೇಲೆ ಊರೆಲ್ಲ ಸೇರಿತು. ನ್ಯಾಯ ಶುರುವಾಗುವ ಮೊದಲು ಬಾವುಟ ಏರಬೇಕು, ಎರಡೂ ಒಂದೇ ಎತ್ತರಕ್ಕೆ. ದಂಡೆಯೋ ಇಳಿಜಾರು. ಫ್ರೆಂಚ್ ಪೊಲೀಸ್ ಹಗ್ಗ ಹಿಡಿದು ಅಳೆದ. ಇಂಗ್ಲಿಷ್ ಬಾವುಟ ನಾಲ್ಕು ಬೆರಳು ಮೇಲಿತ್ತು. ಕಂಬ ಕಿತ್ತು ಆಳವಾಗಿ ನೆಟ್ಟರು. ಈಗ ಇಂಗ್ಲಿಷ್ ಪೊಲೀಸ್ ಅಳೆದ, ತಮ್ಮದು ಒಂದು ಬೆರಳು ಕೆಳಗಿದೆ ಎಂದ. ಆ ಕಂಬದ ಬುಡಕ್ಕೆ ಮರಳು ತುಂಬಿದರು. ಬಿಸಿಲೇರಿತು.

"ಒಂದು ಬೆರಳಿಗೆ ಎಷ್ಟು ಒದ್ದಾಡ್ತಾರೆ ನೋಡು," ಎಂದ ಗಾರಾಯ್.

"ಒಂದು ಬೆರಳು ಅಂದ್ರೆ ಸುಮ್ನೆ ಅಲ್ಲ," ಎಂದಳು ರೋವಿರಾ. ಅವಳ ಕಣ್ಣು ಲಾಬೋವಿನ ಮೇಲಿತ್ತು.

ಕಡೆಗೂ ಇಬ್ಬರು ದೊರೆಗಳು ಒಂದೇ ಅಳತೆಯ ಎರಡು ಕುರ್ಚಿಗಳಲ್ಲಿ ಕೂತರು. ಪಕ್ಕದಲ್ಲಿ ಮೋಲಿ ಹುರಿ. ಆರೋಪಿಯ ಸೋದರಮಾವನೇ ಪಂಚನಾಗಬಹುದೇ ಎಂದು ಯಾರೋ ಕೇಳಿದರಂತೆ. ನಮ್ಮೂರಲ್ಲಿ ಒಬ್ಬರಿಗೊಬ್ಬರು ನೆಂಟರಲ್ಲದ ಪಂಚರನ್ನು ತರಬೇಕಾದರೆ ಅವರನ್ನೂ ಹಡಗಿನಲ್ಲೇ ತರಿಸಬೇಕಿತ್ತು. ಮೋಲಿ ಹುರಿ ಮಾತ್ರ ಅವತ್ತು ಬಾಯಿ ಬಿಡುವುದಿಲ್ಲವೆಂದು ಮೊದಲೇ ಹೇಳಿ, ಹಾಗೇ ನಡೆದುಕೊಂಡ.

ರಿಬೂ ತನ್ನ ಅಹವಾಲು ಹೇಳಿದ. ಮೂವತ್ತು ಸಸಿ, ಅಗೆದ ನೆಲ, ಪಕ್ಕದಲ್ಲೇ ಹಂದಿ. ಫ್ರೆಂಚಿನಲ್ಲಿ ಹೇಳಿದ್ದು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ನಮ್ಮ ಮಾತಿಗೆ ಬಂದು ತಲುಪುವಷ್ಟರಲ್ಲಿ ಹಂದಿಗಳು ಮೂರೋ ಸಸಿಗಳು ಮೂವತ್ತೋ ಎಂದು ದುಭಾಷಿಗೇ ಗೊಂದಲವಾಯಿತು.

"ತಪ್ಪು ಒಪ್ಪಿಕೊಳ್ತೀಯಾ?" ಎಂದು ಕೇಳಿಸಿದ ಇಂಗ್ಲಿಷ್ ದೊರೆ.

"ಅಗೆದದ್ದು ನನ್ನ ಹಂದಿಯೇ ಆದ್ರೆ ಒಪ್ತೀನಿ ಸ್ವಾಮಿ," ಎಂದಳು ರೋವಿರಾ. "ಬೇಕಾದ್ರೆ ಹಂದಿ ಸಾಹುಕಾರ್ರಿಗೇ ಹೋಗ್ಲಿ. ಆದ್ರೆ ಒಂದ್ಸಲ ಅದು ಅಗೆಯೋದನ್ನ ನೀವಿಬ್ರೂ ಕಣ್ಣಾರೆ ನೋಡಿ. ಇಲ್ಲೇ ಸಸಿ ನೆಡಿಸಿ, ನಾನು ಹಗ್ಗ ಬಿಚ್ತೀನಿ."

ದೊರೆಗಳು ಒಬ್ಬರ ಮುಖ ಒಬ್ಬರು ನೋಡಿದರು. ಹೀಗೆ ಮಾಡಬಹುದೆಂದು ಯಾವ ಪುಸ್ತಕದಲ್ಲೂ ಇರಲಿಲ್ಲ, ಕೂಡದೆಂದೂ ಇರಲಿಲ್ಲ. ಬೇಡ ಎನ್ನುವುದಕ್ಕೆ ಪ್ರತಿಯೊಬ್ಬರೂ ಇನ್ನೊಬ್ಬರ ಬಾಯಿ ಕಾದರು. ಇಬ್ಬರೂ ಕಾದದ್ದರಿಂದ ಯಾರೂ ಬೇಡ ಎನ್ನಲಿಲ್ಲ.

"ಜಾಗ ನಾನು ತೋರಿಸ್ತೀನಿ," ಎಂದ ರಿಬೂ. "ಬೆಳಿಗ್ಗೆಯಿಂದ ಅದಕ್ಕೆ ಏನೂ ತಿನ್ನಿಸಿಲ್ಲ ತಾನೆ? ಹಸಿದಿರ್ಲಿ."

ಅವನು ತೋರಿಸಿದ್ದು ತೋಟದಂಚಿನ ನೆಲ, ಮಣ್ಣು ಸಡಿಲ, ಆದರೆ ನಡುನಡುವೆ ತಲೆಯೆತ್ತಿದ ಕಪ್ಪು ಕಲ್ಲುಗಳು. ಆರು ಸಸಿ ನೆಟ್ಟರು. ಬುಡದಲ್ಲಿ ಹಸಿ ಟಾರೋ ತುಂಡುಗಳನ್ನು ಹೂತರು. ಕಲ್ಲುಗಳನ್ನು ನೋಡಿ ರೋವಿರಾ ಮುಂದೆ ಓಡಿದಳು. ಬಗ್ಗಿ ಒಂದನ್ನು ಎತ್ತಿಹಾಕಲು ಹೋದಳು.

"ಏನನ್ನೂ ಮುಟ್ಟಬಾರದು ಅಂತಿದಾರೆ ದೊರೆಗಳು," ಎಂದ ದುಭಾಷಿ.

ಅವಳು ಎದ್ದು ನಿಂತಳು. ಬೇಡ ಎಂದು ಈಗ ಹೇಳಿದರೆ ಕೋರೆ ಉಳಿಯುತ್ತದೆ, ನಾಳೆ ಹಂದಿಯೊಟ್ಟಿಗೆ ಬೆಂಕಿಗೆ ಹೋಗುತ್ತದೆ. ಬಿಟ್ಟರೆ ಒಂದು ಕಲ್ಲು ಸಾಕು, ಒಂಬತ್ತು ವರ್ಷ ಮಣ್ಣುಪಾಲು, ತಾಯಿಯ ಮಡಿಲಲ್ಲಿದ್ದ ತುಂಡು ಮಗಳ ಮಡಿಲಿಗೂ ಬರುತ್ತದೆ. ಗಾರಾಯ್ ಎಂದೂ ತಮಾಷೆ ಬಿಡದವನು ಅವಳ ಪಕ್ಕ ಬಂದು, "ನಿಂಗೆ ಗೊತ್ತಿರೋಷ್ಟು ಆ ಹಂದಿ ಯಾರಿಗೆ ಗೊತ್ತು? ಬಿಚ್ಚು," ಎಂದ. ಅವಳು ಹಗ್ಗ ಬಿಚ್ಚಿದಳು.

ಲಾಬೋ ಮೊದಲು ಸುಮ್ಮನೆ ನಿಂತಿತು. ಹಸಿವು ಅದನ್ನು ಮುಂದಕ್ಕೆ ತಳ್ಳಿತು. ಮೊದಲ ಸಸಿಯ ಬುಡಕ್ಕೆ ಮೂತಿ ತಂದು ಒತ್ತಿತು. ಮೂತಿ ಮಣ್ಣು ಸೇರುವ ಮೊದಲೇ ಕೋರೆಯ ಬಳೆ ನೆಲಕ್ಕೆ ತಾಗಿ ದವಡೆಯನ್ನು ಒತ್ತಿತು. ಹಂದಿ ಕಿರುಚಿ ಹಿಂದೆ ಸರಿಯಿತು. ಎರಡನೆಯ ಸಸಿಗೂ ಹೋಯಿತು, ಅಲ್ಲೂ ಅದೇ ಗತಿ. ಮೇಲೆಯೇ ಬಿದ್ದಿದ್ದ ಒಂದು ಹಸಿ ಟಾರೋ ತುಂಡನ್ನು ಬಾಯಿಗೆ ತೆಗೆದುಕೊಂಡು, ಅಗಿಯಲಾರದೆ, ಉಗುಳಿತು. ಮೂರನೆಯ ಸಸಿ ಕಲ್ಲಿನ ಪಕ್ಕದಲ್ಲೇ ಇತ್ತು. ಲಾಬೋ ತಲೆ ಬಗ್ಗಿಸಿತು.

ಟಕ್ ಎಂದಿತು.

ಆ ಸದ್ದು ಊರಿಗೆಲ್ಲ ಕೇಳಿಸಿತು. ಮೋಲಿ ಹುರಿ ಕಣ್ಣು ಮುಚ್ಚಿದ. ರೋವಿರಾ ನೆಲದ ಮೇಲೆ ಕೂತು ಕೈ ಚಾಚಿದಳು. ಲಾಬೋ ತಲೆ ಕೊಡವಿ, ಸಸಿಗಳನ್ನೆಲ್ಲ ಬಿಟ್ಟು, ನೆಟ್ಟಗೆ ಅವಳ ಹತ್ತಿರ ನಡೆದುಬಂದು ಮಡಿಲಲ್ಲಿ ಮೂತಿ ಇಟ್ಟಿತು. ಅವಳು ಹೆಬ್ಬೆರಳಿನಿಂದ ಕೋರೆಯನ್ನು ಬುಡದಿಂದ ತುದಿಯವರೆಗೆ ಸವರಿದಳು. ಒಂದು ಗೀರು ಸಿಕ್ಕಿತು. ಅಷ್ಟೆ. ಮುರಿದಿರಲಿಲ್ಲ.

ಆಮೇಲೆ ಎಲೆಪೊಟ್ಟಣ ಬಿಚ್ಚಿ ಬೆಂದ ಟಾರೋ ಕಿವುಚಿ ಉಂಡೆ ಕಟ್ಟಿ ಅದರ ಬಾಯಿಗಿಟ್ಟಳು. ಹಂದಿ ಎಳೆಗೂಸಿನ ಹಾಗೆ ಕಣ್ಣು ಮುಚ್ಚಿ ತಿಂದಿತು. ಜನರ ನಗು ದಂಡೆಯುದ್ದಕ್ಕೂ ಹಬ್ಬಿತು. ಹಿಂದಿನ ಸಾಲಿನಿಂದ ಒಬ್ಬಳು ಮುದುಕಿ, "ಮೂವತ್ತು ಸಸಿ ಅಗೆಯೋಕೆ ಅದಕ್ಕೆ ಮೂವತ್ತು ಆಳು ಬೇಕು ಕಣ್ರಪ್ಪೋ," ಎಂದಳು.

ಫ್ರೆಂಚ್ ದೊರೆ ಕುರ್ಚಿ ಬಿಟ್ಟು ಎದ್ದುಬಂದ. ಮೊಣಕಾಲೂರಿ ಹಂದಿಯ ಬಾಯಿ ನೋಡಿದ, ಬಳೆಯೊಳಗೆ ತನ್ನ ಬೆರಳು ತೂರಿಸಿ ನೋಡಿದ. ಇಂಗ್ಲಿಷ್ ದೊರೆಯೂ ಬಂದ, ತಾನೂ ತೂರಿಸಿ ನೋಡಿದ. ಆಮೇಲೆ ಫ್ರೆಂಚ್ ದೊರೆ ರಿಬೂ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಏನೋ ಹೇಳಿದ. ದುಭಾಷಿ ಅದನ್ನು ನಮ್ಮ ಮಾತಿಗೆ ತರಲಿಲ್ಲ. ರಿಬೂವಿನ ಕಿವಿ ಕೆಂಪಾದದ್ದನ್ನು ನೋಡಿದವರಿಗೆ ತರುವ ಅಗತ್ಯವೂ ಇರಲಿಲ್ಲ.

ಎರಡು ಬಾವುಟ ಏರಿಸಲು ಅರ್ಧ ಬೆಳಿಗ್ಗೆ ತೆಗೆದುಕೊಂಡವರು ತೀರ್ಪು ಕೊಡಲು ಒಂದು ಗಳಿಗೆಯನ್ನೂ ತೆಗೆದುಕೊಳ್ಳಲಿಲ್ಲ. ತಪ್ಪಿಲ್ಲ, ಹಂದಿ ಅವಳದು. ನನಗೆ ತಿಳಿದ ಮಟ್ಟಿಗೆ ನಮ್ಮ ದಂಡೆಯ ಮೇಲೆ ಆ ಇಬ್ಬರು ತಕರಾರಿಲ್ಲದೆ ಒಂದೇ ಮಾತು ಆಡಿದ್ದು ಅದೊಂದು ಸಲ. ಆಡಿಸಿದವಳು ಓದು ಬರಹ ಇಲ್ಲದ, ಯಾವ ದೇಶದ ಪ್ರಜೆಯೂ ಅಲ್ಲದ ನಮ್ಮ ರೋವಿರಾ.

ಮರುದಿನ ಹಬ್ಬದ ಬೆಳಿಗ್ಗೆ ಇನ್ನೊಂದು ತಮಾಷೆ ನಡೆಯಿತು. ಆಳುಗಳು ತೋಟಕ್ಕೆ ಹೋದರೆ ರಿಬೂವಿನದೇ ಹೆಣ್ಣುಹಂದಿ, ಎಂಟು ಮರಿಗಳ ಸಮೇತ, ಹೊಸ ಸಸಿಗಳನ್ನು ಅಗೆಯುತ್ತ ನಿಂತಿತ್ತು. ಮಧ್ಯಾಹ್ನದ ಊಟಕ್ಕೆ ಅಪರಾಧಿಯೇ ಬೆಂದಿತು. ರಿಬೂ ಒಂದು ತೊಡೆಯನ್ನು ಎಲೆಯಲ್ಲಿ ಸುತ್ತಿ ರೋವಿರಾಳ ಮನೆಗೆ ಕಳಿಸಿದ. ಮನುಷ್ಯ ತೀರ ಕೆಟ್ಟವನಲ್ಲ, ತನಗೆಲ್ಲ ಗೊತ್ತು ಎನ್ನುವ ರೋಗ ಅಷ್ಟೆ.

"ಒಂಬತ್ತು ವರ್ಷದಲ್ಲಿ ಮೊದಲ್ನೇ ಸಲ ಬಿಸಿಯೂಟ," ಎಂದು ಗಾರಾಯ್ ಬೆರಳು ಚೀಪಿದ.

ಮುಂದಿನ ವರ್ಷ ಗೆಣಸು ಬಲಿತ ಹೊತ್ತಿಗೆ ಕೋರೆಯ ಸುತ್ತು ಕೂಡಿಕೊಂಡಿತು. ಊರ ಬಯಲು ಗುಡಿಸಿದರು, ದೊಡ್ಡ ಮರದ ಡೊಳ್ಳುಗಳು ಮೊಳಗಿದವು. ಹೆಂಗಸರು ತಾವು ನೇಯ್ದ ಕೆಂಪು ಚಾಪೆಗಳನ್ನು ಹಾಸಿದರು. ರೋವಿರಾ ಲಾಬೋವಿಗೆ ಕೊನೆಯ ಉಂಡೆ ತಿನ್ನಿಸಿ, ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದಳು. ಆಮೇಲೆ ಕೋಲೆತ್ತಿ ತಾನೇ ಹೊಡೆದಳು. ಒಂದೇ ಏಟು. ಹೊಡೆದವಳೇ ಬಿಕ್ಕಿ ಬಿಕ್ಕಿ ಅತ್ತಳು, ಅಳುತ್ತಲೇ ನೆಟ್ಟಗೆ ನಿಂತಳು. ಪ್ರೀತಿಯಿಂದ ಸಾಕಿದ್ದನ್ನೇ ಕೊಡಬೇಕು ನಮ್ಮಲ್ಲಿ, ಪ್ರೀತಿಯಿಲ್ಲದ್ದನ್ನು ಕೊಟ್ಟರೆ ಅದಕ್ಕೆ ಹೆಸರು ಬರುವುದಿಲ್ಲ.

ಮೋಲಿ ಹುರಿ ಕೋರೆಯನ್ನು ಬಿಡಿಸಿ ತೊಳೆದು ಸೊಸೆಯ ಮಣಿಕಟ್ಟಿಗೆ ಹಾಕಿದ. ಆಮೇಲೆ ಮುಖವನ್ನು ಕಡಲಿಗೆ ತಿರುಗಿಸಿ, ತಂಗಿಯನ್ನು ಮಣ್ಣು ಮಾಡಿದಂದು ಮುಚ್ಚಿದ ಬಾಯನ್ನು ತೆರೆದು, "ಮೊತಾರಿ," ಎಂದು ಮೂರು ಸಲ ಕೂಗಿದ. ಮೊದಲ ಸಲ ರೋವಿರಾ ಓಗೊಡಲಿಲ್ಲ. "ಅದು ಅವ್ವಂಗೆ," ಎಂದಳು. ಉಳಿದೆರಡಕ್ಕೆ ಓ ಎಂದಳು.

ಆಮೇಲಿನ ಇಪ್ಪತ್ತೊಂದು ವರ್ಷ ಅವಳು ನಡೆದು ಬಂದಾಗ ಗಂಡಸರು ದಾರಿ ಬಿಟ್ಟರು. ಮರಿಯ ಕೋರೆ ಕೀಳಿಸಬೇಕಾದವರು, ಬೇಲಿಯ ತಕರಾರಿನವರು, ದೊರೆಗಳ ಕಾಗದ ಬಂದು ಕಂಗಾಲಾದವರು ಅವಳ ಬಾಗಿಲಿಗೆ ಬರುತ್ತಿದ್ದರು. "ಇಬ್ಬರು ಯಜಮಾನರಿದ್ರೆ ಹೆದರ್ಬೇಡಿ," ಎನ್ನುತ್ತಿದ್ದಳು. "ಒಬ್ಬ ಇದ್ರೆ ಕಷ್ಟ. ಇಬ್ಬರಿದ್ರೆ ನಡುವೆ ಒಂದು ಸಂದಿ ಇದ್ದೇ ಇರುತ್ತೆ." ಮೋಲಿ ಹುರಿ ತೀರಿಕೊಂಡ. ರಿಬೂ ಅಂಗಡಿ ಮುಚ್ಚಿ ತನ್ನ ದೇಶಕ್ಕೆ ಹೋದ.

೧೯೮೦ರ ಜುಲೈ ಮೂವತ್ತಕ್ಕೆ ನಮ್ಮ ದ್ವೀಪಗಳಿಗೆ ವನುವಾಟು ಎಂದು ನಮ್ಮದೇ ಹೆಸರು ಬಂತು. ಬಿಳಿಯರು ಹಿಡಿದಿದ್ದ ನೆಲವೆಲ್ಲ ಮೂಲದವರಿಗೇ ಸೇರಬೇಕೆಂದು ಹೊಸ ಕಾನೂನು ಹೇಳಿತು. ಆ ಕೋಕೋ ತೋಟವೂ ಊರಿಗೆ ಮರಳಿತು. ಅದೇ ಕಪ್ಪು ಮರಳಿನ ದಂಡೆಯ ಮೇಲೆ ಊರೆಲ್ಲ ಮತ್ತೆ ಸೇರಿತು. ಮೊತಾರಿ ಗಂಡನ ತೋಳು ಹಿಡಿದು ಬಂದಳು, ಮಣಿಕಟ್ಟಿನಲ್ಲಿ ಲಾಬೋವಿನ ಕೋರೆ. ಕಂಬ ಒಂದೇ ಇತ್ತು. ಹಗ್ಗ ಹಿಡಿದು ಅಳೆಯುವವರು ಯಾರೂ ಇರಲಿಲ್ಲ.

ಮಡಚಿದ ಬಟ್ಟೆ ಮೇಲೇರಿತು. ಗಾಳಿ ಬಂದು ಬಿಡಿಸಿತು. ಕೆಂಪು, ಹಸಿರು, ಕಪ್ಪು. ಕಪ್ಪಿನ ಮೇಲೆ ಹಳದಿಯಲ್ಲಿ ಎರಡು ನಮೆಲೆ ಗರಿ, ಅವುಗಳನ್ನು ಬಳಸಿಕೊಂಡು ಹಂದಿಯ ಒಂದು ಕೋರೆ.

ಗಾರಾಯ್‌ಗೆ ಅರ್ಧ ಹಲ್ಲು ಉದುರಿದ್ದವು, ನಾಲಿಗೆ ಮಾತ್ರ ಹಾಗೇ ಇತ್ತು. "ಏ, ಅದು ನಮ್ಮ ಲಾಬೋದು ಕಣೇ," ಎಂದ. "ಮಾವನ ಗರೀನೂ ಬಿಟ್ಟಿಲ್ಲ ಇವ್ರು."

"ಸುಮ್ನಿರು, ನೋಡೋಣ," ಎಂದಳು ಮೊತಾರಿ. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಮಣಿಕಟ್ಟನ್ನು ಮೇಲೆತ್ತಿ, ತನ್ನ ಕೋರೆಯನ್ನು ಬಾವುಟದ ಕೋರೆಗೆ ಹಿಡಿದು ಬುಡದಿಂದ ತುದಿಯವರೆಗೆ ನಿಧಾನವಾಗಿ ನೋಡಿದಳು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅವಳು ಅದನ್ನು ಒರೆಸಿಕೊಳ್ಳಲಿಲ್ಲ.

"ಸುತ್ತು ಪೂರ್ತಿ ಬಂದಿದೆ," ಎಂದಳು. "ಒಂದು ಬೆರಳು ಜಾಸ್ತೀನೇ ಬಂದಿದೆ."